ಹದಿನಾರು ಹುಣಸೆಬೀಜ

ಸೋಮವಾರ ಬೆಳಿಗ್ಗೆ ಉಚ್ಚಂಗಮ್ಮ ಎಡತುದಿಯ ಸ್ವಿಚ್ಚನ್ನು ಮೇಲಕ್ಕೆತ್ತಿ ಕಂಪ್ಯೂಟರು ಚಾಲೂ ಮಾಡಿದಳು. ಆ ಸ್ವಿಚ್ಚು ಮೇಲಿದ್ದರೆ ಹಳೇ ಸಿಸ್ಟಂ ಬರಬೇಕು, ಕೆಳಗಿದ್ದರೆ ಹೊಸದು. ಟೆಲಿಪ್ರಿಂಟರು ಟಕಟಕ ಎಂದು ಹೊಸ ಸಿಸ್ಟಮ್ಮಿನ ಹೆಸರನ್ನು ಬಡಿದು ಸುಮ್ಮನಾಯಿತು. ಏನೋ ಕೈತಪ್ಪಿರಬೇಕೆಂದು ಆರಿಸಿ ಮತ್ತೆ ಹಚ್ಚಿದಳು. ಅದೇ ಹೆಸರು. ಮೂರನೇ ಸಲವೂ ಅದೇ ಬಂತು. ಶನಿವಾರ ತಾನೇನು ಮಾಡಿದೆ ಅನ್ನುವುದು ಅವಳಿಗೆ ಆಗಲೇ ಹೊಳೆದಿತ್ತು.

ಅದು ಎಪ್ಪತ್ತೆಂಟನೇ ಇಸವಿಯ ಆಷಾಢ. ಯಂತ್ರ ಚಿತ್ರದುರ್ಗದ ಗಣಿ ಕಂಪನಿಯ ಕಚೇರಿಗೆ ಬಂದು ಆರು ವರ್ಷವಾಗಿತ್ತು. ಎರಡು ಬೀರು ಜೋಡಿಸಿ ನಿಲ್ಲಿಸಿದಷ್ಟು ದೊಡ್ಡದು. ಎದುರಿಗೆ ಒಂದು ಸಾಲು ದೀಪ, ಅದರ ಕೆಳಗೆ ಹದಿನಾರು ಸ್ವಿಚ್ಚು, ಪಕ್ಕದಲ್ಲಿ ರೊಟ್ಟಿಹಂಚಿನಷ್ಟು ಅಗಲದ ಡಿಸ್ಕು ಕೂರುವ ಪೆಟ್ಟಿಗೆ. ಮೊದಲು ಅದರಲ್ಲಿದ್ದದ್ದು ಒಂದೇ ಸಿಸ್ಟಂ. ಎರಡು ವರ್ಷದ ಹಿಂದೆ ಕಂಪನಿಯವರು ಹೊಸದೊಂದನ್ನು ತರಿಸಿದರು. ಆಗ ಯಂತ್ರ ನೋಡಿಕೊಳ್ಳುತ್ತಿದ್ದ ಕರಿಯಣ್ಣ ಹಳೆಯದನ್ನು ಬಿಸಾಡಲಿಲ್ಲ. ಡಿಸ್ಕಿನ ಅರ್ಧಭಾಗ ಹಳೆಯದಕ್ಕೆ, ಅರ್ಧಭಾಗ ಹೊಸದಕ್ಕೆ ಎಂದು ಪಾಲು ಮಾಡಿ, ಯಾವುದು ಬೇಕೋ ಅದನ್ನು ಒಂದು ಸ್ವಿಚ್ಚಿನಿಂದ ಎಬ್ಬಿಸುವ ಹಾಗೆ ಏರ್ಪಾಡು ಮಾಡಿಟ್ಟ.

ಡಿಸ್ಕಿನ ಮೇಲೆ ಸಾವಿರಾರು ಸಣ್ಣ ಮನೆಗಳಿರುತ್ತವೆ, ಒಂದೊಂದಕ್ಕೂ ಒಂದು ನಂಬರು. ಯಂತ್ರಕ್ಕೆ ಜೀವ ಬಂದೊಡನೆ ಅದು ಓದುವುದು ಮೊದಲನೇ ಮನೆಯನ್ನು. ಅಲ್ಲಿ ಲೋಡರು ಎಂಬ ಪುಟ್ಟ ಪ್ರೋಗ್ರಾಮು ಕೂತಿರುತ್ತದೆ. ಸಿಸ್ಟಂ ಎಲ್ಲಿ ಮಲಗಿದೆಯೋ ಹುಡುಕಿ ಎಬ್ಬಿಸುವುದಷ್ಟೇ ಅದರ ಕೆಲಸ. ಹಳೆಯದೋ ಹೊಸದೋ ಎಂದು ಸ್ವಿಚ್ಚು ನೋಡಿ ತೀರ್ಮಾನಿಸುವ ಲೋಡರನ್ನು ಆ ಮನೆಯಲ್ಲಿ ಕೂರಿಸಿದ್ದವನು ಕರಿಯಣ್ಣ. ಶನಿವಾರ ಉಚ್ಚಂಗಮ್ಮ ಹೊಸ ಸಿಸ್ಟಮ್ಮಿನ ತಿದ್ದಿದ ಆವೃತ್ತಿಯನ್ನು ಟೇಪಿನಿಂದ ಡಿಸ್ಕಿಗೆ ಹತ್ತಿಸಿದಾಗ, ಅದು ಯಾರನ್ನೂ ಕೇಳದೆ ತನ್ನದೇ ಲೋಡರನ್ನು ಮೊದಲ ಮನೆಗೆ ತಂದು ಕೂರಿಸಿ ಕರಿಯಣ್ಣನದನ್ನು ಅಳಿಸಿಹಾಕಿತ್ತು. ಹಳೇ ಸಿಸ್ಟಮ್ಮೂ ಅದರೊಳಗಿನ ಮಾಹಿತಿಯೂ ಡಿಸ್ಕಿನ ಮೇಲೆ ಇದ್ದಲ್ಲೇ ಇದ್ದವು. ಅಲ್ಲಿಗೆ ಹೋಗುವ ದಾರಿ ಮಾತ್ರ ಇರಲಿಲ್ಲ.

ಬೇರೆ ವಾರವಾಗಿದ್ದರೆ ಯಾರೂ ಕೇಳುತ್ತಿರಲಿಲ್ಲವೇನೋ. ಆದರೆ ಕಾರ್ಮಿಕ ಸಂಘದ ಮಾರಣ್ಣ ಹಿಂದಿನ ವಾರವಷ್ಟೇ ಬಂದು ಅವಳ ಮುಂದೆ ಕೂತಿದ್ದ. ಹೊಳಲ್ಕೆರೆ ಕಡೆಯ ಬೋಳುಗುಡ್ಡದ ಗಣಿಯಲ್ಲಿ ಸುರಂಗದೊಳಗೆ ದುಡಿದ ಹತ್ತೊಂಬತ್ತು ಮಂದಿಗೆ ವರ್ಷಗಟ್ಟಲೆಯಿಂದ ಕೆಮ್ಮು. ಅದು ಕಲ್ಲಿನ ಧೂಳಿನಿಂದ ಬಂದದ್ದೋ ಬೀಡಿಯಿಂದ ಬಂದದ್ದೋ ತೀರ್ಮಾನಿಸಲು ಸರ್ಕಾರದ ಡಾಕ್ಟರುಗಳು ಶುಕ್ರವಾರ ಕೂರುತ್ತಾರೆ. ಯಾರು ಎಷ್ಟು ವರ್ಷ ಒಳಗೆ ಇಳಿದಿದ್ದರು, ಅವರ ಎದೆಯ ಎಕ್ಸ್‌ರೇ ಫೋಟೋದಲ್ಲಿ ಏನು ಕಂಡಿತ್ತು ಅನ್ನುವುದಕ್ಕೆ ದಾಖಲೆ ಬೇಕು. ಫೋಟೋಗಳು ಗಣಿಯ ದವಾಖಾನೆಯಲ್ಲಿ ಮಳೆನೀರು ಸೋರಿ ಒಂದಕ್ಕೊಂದು ಅಂಟಿ ಹಾಳಾಗಿದ್ದವು. ಗಣಿಯ ಡಾಕ್ಟರು ತೀರಿಕೊಳ್ಳುವ ಮುಂಚೆ ಒಂದು ಮಾತು ಹೇಳಿದ್ದರಂತೆ, ಎಲ್ಲರ ವಿವರವನ್ನೂ ಕರಿಯಣ್ಣನ ಕೈಲಿ ಯಂತ್ರದೊಳಗೆ ಹಾಕಿಸಿದ್ದೇನೆ ಎಂದು. ಉಚ್ಚಂಗಮ್ಮ ನೋಡಿ ತೆಗೆದುಕೊಡುತ್ತೇನೆ ಅಂದಿದ್ದಳು. ಆ ಪಟ್ಟಿ ಹೊಸ ಸಿಸ್ಟಮ್ಮಿನಲ್ಲಿ ಇರಲಿಲ್ಲ.

ಅವಳು ಹೋಗಿ ಮ್ಯಾನೇಜರು ಚಿತ್ರಲಿಂಗಪ್ಪನವರಿಗೆ ತಪ್ಪೊಪ್ಪಿಕೊಂಡಳು. ಬೈಗುಳ ಬೀಳುತ್ತದೆ ಎಂದುಕೊಂಡಿದ್ದಳು. ಅವರು ಕಾಗದದಿಂದ ತಲೆ ಎತ್ತಲೇ ಇಲ್ಲ.

"ಹಳೇದು ಹೋದ್ರೆ ಹೋಗ್ಲಿ ಬಿಡಮ್ಮ," ಅಂದರು. "ಅದರಾಗೆ ನಮಗೆ ಬೇಕಾದ್ದು ಏನೈತೆ?"

ಆ ಮಾತಿನಲ್ಲಿ ಕೋಪವಿರಲಿಲ್ಲ, ನಿರಾಳವಿತ್ತು. ಎರಡು ವರ್ಷದ ಹಿಂದೆ ಲೆಕ್ಕಪತ್ರಗಳನ್ನೆಲ್ಲ ಹೊಸದಕ್ಕೆ ಸಾಗಿಸುವಾಗ ಡಾಕ್ಟರ ಪಟ್ಟಿಯೊಂದನ್ನು ಬಿಟ್ಟದ್ದು ಮರೆತಲ್ಲ, ಬೇಕೆಂದೇ ಎಂದು ಅವಳಿಗೆ ಮೊದಲ ಬಾರಿಗೆ ಅನುಮಾನ ಬಂತು.

ಸೋಮವಾರ, ಮಂಗಳವಾರ ಅವಳು ಕಚೇರಿ ಕೆಲಸದ ನಡುವೆಯೇ ದಾರಿ ಹುಡುಕಿದಳು. ಹಳೇ ಲೋಡರನ್ನು ತೂತುಗಳಲ್ಲಿ ಬರೆದಿಟ್ಟ ಪೇಪರ್ ಟೇಪು ತಗಡಿನ ಡಬ್ಬಿಯಲ್ಲಿ ಸಿಕ್ಕಿತು. ಆರು ವರ್ಷದ ಕಾಗದ ಹಪ್ಪಳದ ಹಾಗಾಗಿತ್ತು; ಓದುವ ಯಂತ್ರಕ್ಕೆ ಹಚ್ಚಿದಾಗ ಮೂರು ಗೇಣು ಹೋಗಿ ಹರಿಯಿತು. ಗೋಂದಿನಿಂದ ಅಂಟಿಸಿ ಮತ್ತೆ ಹಚ್ಚಿದಳು. ತೂತುಗಳು ಕೂದಲೆಳೆಯಷ್ಟು ಸರಿದಿದ್ದವೋ ಏನೋ, ಯಂತ್ರ ಅರ್ಧದಲ್ಲಿ ನಿಂತು ದೀಪಗಳು ಕಣ್ಣು ಮಿಟುಕಿಸದೆ ಉರಿದವು. ಕೈಯಿಂದಲೇ ಲೋಡರನ್ನು ತುಂಬುವ ದಾರಿಯೊಂದಿತ್ತು. ಬೀರುವಿನ ಬಾಗಿಲ ಒಳಗೆ ಕರಿಯಣ್ಣ ತನ್ನ ಗುಂಡು ಅಕ್ಷರದಲ್ಲಿ ಬರೆದು ಅಂಟಿಸಿದ ಚೀಟಿ ಇತ್ತು, ಒಂಬತ್ತು ಸಾಲು. ಒಂದೊಂದು ಸಾಲಿಗೂ ಹದಿನಾರು ಸ್ವಿಚ್ಚುಗಳಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಎಂದು ಗುರುತು. ಎಂಟು ಸಾಲು ಪೂರ್ತಿ ಇದ್ದವು. ಒಂಬತ್ತನೆಯದರಲ್ಲಿ ಯಾವ ಮನೆಯಿಂದ ಓದಬೇಕು ಎಂಬ ನಂಬರು ಬರಬೇಕು. ಅಲ್ಲಿ ಗುರುತುಗಳಿರಲಿಲ್ಲ, 'ಹಳೇ ಮನೆ' ಎಂದಷ್ಟೇ ಬರೆದಿತ್ತು. ಆ ನಂಬರು ಕರಿಯಣ್ಣನ ತಲೆಯಲ್ಲಿತ್ತು.

ಡಿಸ್ಕಿನಲ್ಲಿ ನಾಲ್ಕು ಸಾವಿರದ ಎಂಟುನೂರು ಮನೆ. ಒಂದೊಂದನ್ನೇ ತಟ್ಟುತ್ತ ಹೋದರೆ ದೀಪಾವಳಿಯಾದರೂ ಮುಗಿಯದು. ತಪ್ಪು ಮನೆ ತೆರೆದರೆ ಯಂತ್ರ ಅಲ್ಲಿ ಸಿಕ್ಕಿದ್ದನ್ನೇ ಅಪ್ಪಣೆಯೆಂದು ತಿಳಿದು ಡಿಸ್ಕಿನ ಮೇಲೆ ಏನಾದರೂ ಗೀಚಿಬಿಡುವ ಭಯ ಬೇರೆ. ಬರೆಯದ ಹಾಗೆ ತಡೆಯುವ ಗುಂಡಿಯನ್ನು ಒತ್ತಿಟ್ಟು ಅವಳು ಕೋಣೆಗೆ ಬೀಗ ಹಾಕಿದಳು.

ಬುಧವಾರ ರಜೆ ಬರೆದುಕೊಟ್ಟು ಹೊಸದುರ್ಗದ ಬಸ್ಸು ಹತ್ತಿದಳು. ಹೊಳಲ್ಕೆರೆ ದಾಟುವವರೆಗೂ ಗಾಳಿ ಕಿಟಕಿಯೊಳಗೆ ಕೆಂಧೂಳು ತೂರುತ್ತಿತ್ತು. ಕರಿಯಣ್ಣನಿಗೆ ಲಕ್ವ ಹೊಡೆದು ಆರು ತಿಂಗಳಾಗಿತ್ತು. ಆಗೊಮ್ಮೆ ಆಸ್ಪತ್ರೆಯಲ್ಲಿ ನೋಡಿದ್ದು ಬಿಟ್ಟರೆ ಅವಳು ಹೋಗಿರಲಿಲ್ಲ. ಹೋಗಬೇಕು ಹೋಗಬೇಕು ಅನ್ನುತ್ತಲೇ ದಿನ ಕಳೆದಿದ್ದವು. ಈಗ ಕೆಲಸ ಬಿದ್ದದ್ದಕ್ಕೆ ಹೋಗುತ್ತಿದ್ದೇನೆ ಎಂಬುದು ದಾರಿಯುದ್ದಕ್ಕೂ ಮುಳ್ಳಿನ ಹಾಗೆ ಚುಚ್ಚಿತು. ಟೇಪಿಗೆ ತೂತು ಹೊಡೆದು ಮಾಹಿತಿ ತುಂಬುವ ಪಂಚಿಂಗ್ ಹುಡುಗಿಯಾಗಿ ಬಂದವಳಿಗೆ ಸ್ವಿಚ್ಚು, ದೀಪ, ಡಿಸ್ಕು ಎಲ್ಲವನ್ನೂ ಕಲಿಸಿದವನು ಅವನೇ. ತಾನೂ ಹಿಂದೆ ಗಣಿಯ ಹಾಜರಿ ಬರೆಯುತ್ತಿದ್ದವನು, ಯಂತ್ರ ಕೂರಿಸಲು ಬಂದವರ ಹಿಂದೆ ಹಿಂದೆಯೇ ತಿರುಗಿ ಕಲಿತವನು.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆ. ಕರಿಯಣ್ಣನ ಹೆಂಡತಿ ರಂಗಕ್ಕ ಹಜಾರದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಇವಳನ್ನು ಕಂಡು ಕೈ ಒರೆಸಿಕೊಂಡು ಎದ್ದು, ಬಾ ತಾಯಿ ಎಂದು ಚಾಪೆ ಹಾಸಿದಳು. ಬಂದಿರಲಿಲ್ಲವಲ್ಲ ಎಂದು ಕೇಳಲಿಲ್ಲ.

ಕರಿಯಣ್ಣ ಗೋಡೆಗೆ ಒರಗಿ ಕೂತಿದ್ದ. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು. ಬಾಯಿ ಒಂದು ಕಡೆಗೆ ಜಗ್ಗಿತ್ತು. ಅವಳನ್ನು ನೋಡಿ ಗಂಟಲಲ್ಲಿ ಸದ್ದು ಮಾಡಿದ. ಗುರುತು ಸಿಕ್ಕಿದೆ ಎಂದು ಕಣ್ಣು ಹೇಳುತ್ತಿತ್ತು.

ಅವಳು ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. "ಅಣ್ಣಾ, ಮೊದಲ್ನೇ ಮನೆ ನಾನೇ ಅಳಿಸಿಬಿಟ್ಟೆ. ಹಳೇದನ್ನ ಎಬ್ಬಿಸಬೇಕಾಗೈತೆ. ಡಾಕ್ಟ್ರ ಪಟ್ಟಿ ಬೇಕು."

ಅಲ್ಲಿಯವರೆಗೂ ಆಸ್ಥೆಯಿಂದ ಕೇಳುತ್ತಿದ್ದವನು ಪಟ್ಟಿ ಎಂಬ ಮಾತು ಬಂದೊಡನೆ ಮುಖ ತಿರುಗಿಸಿದ. ಎಡಗೈಯನ್ನು ಹೊದಿಕೆಯೊಳಕ್ಕೆ ಎಳೆದುಕೊಂಡ. ನಂಬರು ಕೇಳಬೇಡ ಅನ್ನುವ ಹಾಗಿತ್ತು ಅದು. ರಂಗಕ್ಕ ಮೆಲ್ಲಗೆ, ಅಂಕಿಗಳೆಲ್ಲ ಹೋಗಿಬಿಟ್ಟಿವೆ ತಾಯಿ, ಐದು ಅಂದರೂ ಒಂದೇ ಐವತ್ತು ಅಂದರೂ ಒಂದೇ ಅವರಿಗೆ, ಸ್ಲೇಟು ಕೊಟ್ಟರೆ ಗೀರು ಎಳೆಯುತ್ತಾರೆ ಅಷ್ಟೇ, ಎಂದು ಹೇಳಿದಳು. ಉಚ್ಚಂಗಮ್ಮ ಶುಕ್ರವಾರದ ವಿಷಯ ತಿಳಿಸಿದಳು. ಹತ್ತೊಂಬತ್ತು ಜನ ಅವ್ರೆ ಅಣ್ಣಾ, ಬೇರೆ ಯಾವ ದಾಖಲೆಯೂ ಇಲ್ಲ, ಎಂದಳು.

ಕರಿಯಣ್ಣ ಬಹಳ ಹೊತ್ತು ಅವಳ ಮುಖವನ್ನೇ ನೋಡಿದ. ಕಣ್ಣು ತುಂಬಿಕೊಂಡಿತು. ಕೊನೆಗೆ ಎಡಗೈ ಹೊರಗೆ ಬಂದು ಗಾಳಿಯಲ್ಲಿ ಒಂದೊಂದು ಬೆರಳನ್ನು ಮೇಲೆ ಕೆಳಗೆ ಆಡಿಸಿತು. ಅಂಕಿ ಹೋಗಿತ್ತು, ಸ್ವಿಚ್ಚು ಹೋಗಿರಲಿಲ್ಲ.

ಅವಳು ರಂಗಕ್ಕನ ಮೊರದಿಂದ ಹುಣಸೆಬೀಜ ಎಣಿಸಿ ತಂದು ತಮ್ಮಿಬ್ಬರ ನಡುವೆ ನೆಲದ ಮೇಲೆ ಸಾಲಾಗಿ ಇಟ್ಟಳು, ಹದಿನಾರು. ಮೇಲಿರುವುದನ್ನು ಮುಂದಕ್ಕೆ ತಳ್ಳಿರಿ ಅಂದಳು. ಎಡಗೈ ನಡುಗುತ್ತ ಬಂತು. ಒಂದು ಬೀಜವನ್ನು ತಳ್ಳಿತು, ಎರಡನ್ನು ಬಿಟ್ಟಿತು, ಮತ್ತೊಂದನ್ನು ತಳ್ಳಿತು. ನಡುವೆ ಒಮ್ಮೆ ತಪ್ಪಿ ಹಿಂದಕ್ಕೆ ಎಳೆದುಕೊಂಡಿತು. ಅವಳು ಸಾಲನ್ನು ಕೆಡಿಸಿ ಮತ್ತೆ ಜೋಡಿಸಿದಳು. ಎರಡನೇ ಸಲವೂ ಅದೇ ಬಂತು, ಮೂರನೇ ಸಲವೂ. ಅದನ್ನು ಕಾಗದದ ಮೇಲೆ ಎಡದಿಂದ ಬಲಕ್ಕೆ ಬರೆದುಕೊಂಡಳು.

ಹೊರಡಲು ಎದ್ದಾಗ ಕರಿಯಣ್ಣ ಅವಳ ಮಣಿಕಟ್ಟು ಹಿಡಿದುಕೊಂಡ. ಬಿಡಲೊಲ್ಲ. ತಲೆ ಅಲ್ಲಾಡಿಸುತ್ತ ಏನೋ ಹೇಳಲು ಒದ್ದಾಡಿದ. ನನ್ನ ಕೆಲಸ ಹೋದೀತೆಂದು ಹೆದರುತ್ತಾನೆ ಎಂದು ಅವಳು ತಿಳಿದಳು. ಏನಾಗಲ್ಲ ಬಿಡಣ್ಣಾ, ಎಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಬಂದಳು.

ಗುರುವಾರ ಕಚೇರಿ ತೆರೆಯುವ ಮೊದಲೇ ಹೋಗಿ ಎಂಟು ಸಾಲು ತುಂಬಿ, ಒಂಬತ್ತನೆಯದಕ್ಕೆ ಕಾಗದ ನೋಡಿ ಸ್ವಿಚ್ಚು ಎತ್ತಿಳಿಸಿದಳು. ಡಿಸ್ಕು ಒಮ್ಮೆ ಕಟ್ ಎಂದಿತು. ದೀಪಗಳು ನಿಂತುಬಿಟ್ಟವು. ಮತ್ತೆ ತುಂಬಿದಳು, ಮತ್ತೆ ನಿಂತವು. ನಂಬರನ್ನು ಲೆಕ್ಕ ಹಾಕಿ ನೋಡಿದರೆ ಅಷ್ಟು ದೊಡ್ಡ ನಂಬರಿನ ಮನೆಯೇ ಡಿಸ್ಕಿನಲ್ಲಿ ಇಲ್ಲ. ಅವನ ನೆನಪೂ ಅಳಿಸಿಹೋಗಿದೆ ಎಂದು ಕುಸಿದು ಕೂತಳು. ಅದಕ್ಕಿಂತ, ಆ ಸ್ಥಿತಿಯಲ್ಲಿದ್ದವನನ್ನು ಕೂರಿಸಿ ಪರೀಕ್ಷೆ ಮಾಡಿ ಬಂದೆನಲ್ಲ ಎಂದು ನಾಚಿಕೆಯಾಯಿತು.

ಮಧ್ಯಾಹ್ನ ಬುತ್ತಿ ಬಿಚ್ಚಿದಳು. ನೆನ್ನೆ ಕೂತದ್ದನ್ನೇ ನೆನೆಯುತ್ತಿದ್ದಳು: ಅವನು ಗೋಡೆಗೆ ಒರಗಿ, ತಾನು ಎದುರಿಗೆ, ನಡುವೆ ಬೀಜದ ಸಾಲು. ತಟ್ಟನೆ ತುತ್ತು ಕೆಳಗಿಟ್ಟಳು. ಎದುರುಬದುರು ಕೂತಾಗ ಅವನ ಎಡ ತನಗೆ ಬಲ. ಅವನ ಮೊದಲ ಬೀಜ ತನಗೆ ಹದಿನಾರನೆಯದು. ಅವನು ಸರಿಯಾಗಿಯೇ ತೋರಿಸಿದ್ದ. ತಲೆಕೆಳಗಾಗಿ ಬರೆದುಕೊಂಡವಳು ತಾನು.

ಸಾಲನ್ನು ತಿರುಗಿಸಿ ಹಾಕಿದಳು. ಡಿಸ್ಕು ಗುರ್ರೆಂದಿತು. ದೀಪಗಳು ನಿಲ್ಲಲಿಲ್ಲ, ಓಡಿದವು. ಟೆಲಿಪ್ರಿಂಟರು ಹಳೇ ಸಿಸ್ಟಮ್ಮಿನ ಹೆಸರನ್ನು ಬಡಿದು, ಏನು ಬೇಕು ಎಂದು ಕೇಳುವ ಒಂದು ಚುಕ್ಕೆ ಇಟ್ಟು ಕಾದು ನಿಂತಿತು. ಕರಿಯಣ್ಣ ಇಲ್ಲಿದ್ದಿದ್ದರೆ ಎಂದು ಅನಿಸಿ ಅವಳಿಗೆ ಕಣ್ಣು ಮಂಜಾಯಿತು.

ಪಟ್ಟಿಯನ್ನು ಅಚ್ಚು ಹಾಕಲು ಹೇಳಿದಳು. ಇಂಗ್ಲಿಷಿನಲ್ಲಿ ಸಾಲು ಸಾಲಾಗಿ ಬಂತು: ಟೋಕನ್ ನಂಬರು, ಹೆಸರು, ಒಳಗೆ ಇಳಿದ ವರ್ಷಗಳು, ಫೋಟೋ ತೆಗೆದ ತಾರೀಕು, ಕಾಯಿಲೆಯ ಹಂತ. ಕೊನೆಯ ಕಾಲಮಿನಲ್ಲಿ ಒಂದೇ ಅಕ್ಷರ. ಕಾರ್ಮಿಕನಿಗೆ ತಿಳಿಸಲಾಗಿದೆಯೇ ಎಂಬುದಕ್ಕೆ ಉತ್ತರ ಅದು. ಎಲ್ಲರ ಮುಂದೆಯೂ ಇಲ್ಲ ಎಂದೇ ಇತ್ತು.

ಇನ್ನೂರ ಹದಿನಾಲ್ಕನೇ ಟೋಕನ್ನು ಬಂತು. ತಿಪ್ಪಯ್ಯ, ಡ್ರಿಲ್ಲರ್, ಹನ್ನೊಂದು ವರ್ಷ. ಎಪ್ಪತ್ತನಾಲ್ಕನೇ ಇಸವಿಯ ಫೋಟೋ. ಎದೆಯ ಎರಡೂ ಕಡೆ, ಎರಡನೇ ಹಂತ.

ಅದು ಅವಳ ಅಪ್ಪನ ಟೋಕನ್ನು.

ಯಂತ್ರ ಬಡಿಯುತ್ತಲೇ ಹೋಯಿತು. ಅವಳು ಕಾಗದವನ್ನು ಹಿಡಿದುಕೊಂಡು ನಿಂತಳು. ಮಾರಣ್ಣ ಹೇಳಿದ ಹತ್ತೊಂಬತ್ತರಲ್ಲಿ ಅಪ್ಪನ ಹೆಸರಿರಲಿಲ್ಲ. ಅಪ್ಪ ನಾಲ್ಕು ವರ್ಷದಿಂದ ಸುರಂಗಕ್ಕೆ ಇಳಿಯದೆ ಗೇಟಿನಲ್ಲಿ ಕಾವಲಿಗೆ ಇದ್ದ. ಮನೆಯಲ್ಲಿ ಕೆಮ್ಮಿದಾಗಲೆಲ್ಲ ಬೀಡಿ ಬಿಡು ಎಂದು ಅವಳೇ ಬೈಯುತ್ತಿದ್ದಳು. ಈ ಸಾಲನ್ನು ಪಂಚ್ ಮಾಡಿದವನು ಕರಿಯಣ್ಣ. ಮೂರು ವರ್ಷ ಪಕ್ಕದಲ್ಲೇ ಕೂತು, ತನ್ನ ಬುತ್ತಿಯ ರೊಟ್ಟಿ ಹಂಚಿಕೊಂಡು ತಿಂದವನು, ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ನೆನ್ನೆ ಕೈ ಹಿಡಿದುಕೊಂಡು ತಲೆ ಅಲ್ಲಾಡಿಸಿದ್ದು ಇದಕ್ಕೆ. ಅವನ ಮೇಲೆ ಅವಳಿಗೆ ಸಿಟ್ಟು ಬಂತು.

ಪಟ್ಟಿಯ ಎರಡು ಪ್ರತಿ ತೆಗೆದು, ಒಂದನ್ನು ಸಂಜೆಯೇ ಮಾರಣ್ಣನ ಕೈಗೆ ಮುಟ್ಟಿಸಿ, ಇನ್ನೊಂದನ್ನು ಮಡಿಸಿಕೊಂಡು ಮನೆಗೆ ಹೋದಳು. ಅಪ್ಪ ತಿಪ್ಪಯ್ಯ ಜಗಲಿಯ ಮೇಲೆ ಕೂತಿದ್ದ. ತಾಯಿ ಸತ್ತ ಮೇಲೆ ಮನೆಯಲ್ಲಿ ಅವರಿಬ್ಬರೇ. ಅವಳು ಕಾಗದ ಬಿಚ್ಚಿ ಅವನ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದಳು. ಅವನು ಬೆಚ್ಚಲಿಲ್ಲ.

"ಕರಿಯಣ್ಣ ಆವಾಗ್ಲೇ ಹೇಳಿದ್ದ," ಎಂದ.

ತಿಪ್ಪಯ್ಯ ಉಸಿರು ತೆಗೆದುಕೊಳ್ಳುತ್ತ, ನಿಲ್ಲಿಸುತ್ತ ಹೇಳಿದ. ಡಾಕ್ಟರಿಂದ ಕಾಗದ ಬಂದ ದಿನವೇ ಕರಿಯಣ್ಣ ಗಣಿಗೆ ಬಂದು ಅವನನ್ನು ಮರದಡಿಗೆ ಕರೆದು ತಿಳಿಸಿದ್ದ. ಮ್ಯಾನೇಜರನ್ನು ಕಾಡಿ ಬೇಡಿ ಗೇಟಿಗೆ ಹಾಕಿಸಿದವನೂ ಅವನೇ. ಮಿಕ್ಕವರಿಗೂ ಹೇಳಬೇಕೆಂದು ಹೋಗಿದ್ದನಂತೆ. ಬಾಯಿ ಬಿಟ್ಟರೆ ಗೇಟಿನಲ್ಲಿರುವ ನಿನ್ನ ತಿಪ್ಪಯ್ಯನೂ ಇರುವುದಿಲ್ಲ, ನೀನೂ ಇರುವುದಿಲ್ಲ ಎಂದು ಮೇಲಿನವರು ಹೆದರಿಸಿದರಂತೆ.

"ನಿನಗೆ ಹೇಳಬ್ಯಾಡ ಅಂತ ಆಣೆ ಹಾಕಿಸ್ಕಂಡೋನು ನಾನು," ಅಂದ ತಿಪ್ಪಯ್ಯ. "ನೀನು ಆಗ ಬೆಂಗಳೂರಿಗೆ ಟ್ರೈನಿಂಗಿಗೆ ಹೊಂಟಿದ್ದೆ. ಹೇಳಿದ್ರೆ ಹೋಗ್ತಿದ್ದೇನು ಮಗಾ?"

ಹೋಗುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಸಿಟ್ಟು ಎಲ್ಲಿಡಬೇಕೋ ತಿಳಿಯದೆ ಅವಳು ಕಾಗದವನ್ನು ಮಡಿಸಿದಳು, ಬಿಚ್ಚಿದಳು.

"ಒಳಗೆ ಎಷ್ಟು ವರ್ಷ ಅಂತ ಬರ್ದವ್ರೆ?" ಅಪ್ಪ ಕೇಳಿದ.

"ಹನ್ನೊಂದು."

"ಹದಿನಾಕು ಅದು. ಮೊದಲ್ನೇ ಮೂರು ವರ್ಷ ನನ್ನ ಹೆಸರು ಮೇಲಿನ ಕೂಲಿ ಪಟ್ಟಿಯಾಗೆ ಇತ್ತು. ಇಳೀತಿದ್ದದ್ದು ಮಾತ್ರ ಕೆಳಗೆ." ಸ್ವಲ್ಪ ತಡೆದು, "ತಿದ್ದಾಕೆ ಬರುತ್ತಾ?" ಎಂದ.

"ಬರಲ್ಲಪ್ಪ."

ಹೋಗಲಿ ಬಿಡು ಎಂಬಂತೆ ಅವನು ತಲೆಯಾಡಿಸಿದ.

ಶುಕ್ರವಾರ ಡಾಕ್ಟರುಗಳ ಮುಂದೆ ಪಟ್ಟಿ ಹೋಯಿತು. ತಿಪ್ಪಯ್ಯನೂ ಖಾಕಿ ಅಂಗಿ ಒಗೆದು ಹಾಕಿಕೊಂಡು ಹೋಗಿ ಸಾಲಿನಲ್ಲಿ ಕೂತ. ಪಟ್ಟಿಯಲ್ಲಿದ್ದ ಒಟ್ಟು ಮೂವತ್ತೊಂದು ಹೆಸರಿನಲ್ಲಿ ಏಳು ಮಂದಿ ಆಗಲೇ ಸತ್ತಿದ್ದರು. ಅವರ ಹೆಸರು ಕೂಗಿದಾಗಲೆಲ್ಲ ಮಾರಣ್ಣ ಎದ್ದು ನಿಂತು, ಇಲ್ಲ, ಎಂದು ಹೇಳಿ ಕೂರುತ್ತಿದ್ದ. ಉಳಿದವರದು ಕಲ್ಲಿನ ಧೂಳಿನದೇ ಕಾಯಿಲೆಯೆಂದು ಡಾಕ್ಟರುಗಳು ಒಪ್ಪಿ ಬರೆದರು. ಔಷಧಿ ಸಿಗುತ್ತದೆ, ವಾಸಿಯಾಗುವುದಿಲ್ಲ ಎಂದೂ ನೇರವಾಗಿ ಹೇಳಿದರು.

ಶನಿವಾರ ಚಿತ್ರಲಿಂಗಪ್ಪನವರು ಉಚ್ಚಂಗಮ್ಮನನ್ನು ಕರೆಸಿ ಯಾರ ಅಪ್ಪಣೆ ತೆಗೆದುಕೊಂಡೆ ಎಂದು ಕೇಳಿದರು. ಯಾರದೂ ಇಲ್ಲ ಎಂದಳು. ನನಗೂ ಮೇಲಿನವರು ಇದ್ದಾರಮ್ಮ ಎಂದು ಅವರು ತಗ್ಗಿದ ದನಿಯಲ್ಲಿ ಅಂದರು. ಮಧ್ಯಾಹ್ನದೊಳಗೆ ಅವಳನ್ನು ಗಣಿಯ ಉಗ್ರಾಣಕ್ಕೆ ವರ್ಗ ಮಾಡಿದ ಕಾಗದ ಬಂತು. ಹೊಸದಾಗಿ ಬಂದ ಆಪರೇಟರು ಡಿಸ್ಕನ್ನು ಪೂರ್ತಿ ಅಳಿಸಿ ಹೊಸ ಸಿಸ್ಟಮ್ಮೊಂದನ್ನೇ ಹಾಕಿದ. ಕೀಲಿಕೈ ಒಪ್ಪಿಸಲು ಹೋದಾಗ ಅವಳು ಅದನ್ನು ಬಾಗಿಲಲ್ಲಿ ನಿಂತು ನೋಡಿದಳು.

ಭಾನುವಾರ ಮತ್ತೆ ಹೊಸದುರ್ಗಕ್ಕೆ ಹೋದಳು. ಅಪ್ಪ ಎಲ್ಲ ಹೇಳಿದ ಎಂದು ತಿಳಿಸಬೇಕಿತ್ತು. ನಿಮ್ಮ ಮೇಲೆ ಸಿಟ್ಟಾಗಿದ್ದೆ ಅಣ್ಣಾ ಎಂದೂ ಹೇಳಬೇಕಿತ್ತು. ರಂಗಕ್ಕ ಬಾಗಿಲಿಗೇ ಬಂದಳು. ಗುರುವಾರ ರಾತ್ರಿ ಎರಡನೇ ಸಲ ಹೊಡೆಯಿತು ತಾಯಿ, ಎಂದಳು. ನೀನು ಬಂದುಹೋದ ಮೇಲೆ ಆವತ್ತೂ ಮಾರನೇ ದಿನವೂ ಸರಿಯಾಗಿ ಉಣ್ಣಲಿಲ್ಲ, ಬಾಗಿಲ ಕಡೆಗೇ ನೋಡುತ್ತಿದ್ದರು, ಎಂದೂ ಹೇಳಿದಳು. ಅದರಲ್ಲಿ ದೂರು ಇರಲಿಲ್ಲ.

ಕರಿಯಣ್ಣ ಈಗ ಮಲಗಿದ್ದ. ಕಣ್ಣು ತೆರೆದಿದ್ದರೂ ಸೂರಿನ ಹೆಂಚಿನ ಮೇಲೆ ನೆಟ್ಟಿದ್ದವು. ಅವಳು ಪಕ್ಕದಲ್ಲಿ ಕೂತು ಅವನ ಎಡಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಹಳೇದು ಎದ್ದಿತು ಅಣ್ಣಾ, ನೀವು ತೋರಿಸಿದ್ದು ಸರಿಯಿತ್ತು, ಬರೆದುಕೊಂಡದ್ದು ನಾನೇ ತಿರುವುಮುರುವು, ಎಂದಳು. ಡಾಕ್ಟರುಗಳು ಒಪ್ಪಿದ್ದನ್ನು ಹೇಳಿದಳು. ಒಬ್ಬೊಬ್ಬರ ಹೆಸರನ್ನೂ ಹೇಳಿದಳು, ಸತ್ತವರದನ್ನೂ ಬಿಡದೆ. ಅಪ್ಪನ ಹೆಸರು ಬಂದಾಗ ಬೆರಳು ಅಲುಗಿತೇ ಎಂದು ನೋಡಿದಳು. ಅಲುಗಲಿಲ್ಲ. ರಂಗಕ್ಕ ಕಾಫಿ ತಂದಿಟ್ಟದ್ದು ಆರಿಹೋಯಿತು.

ಸಂಜೆಯ ಬಸ್ಸು ಇಳಿದಾಗ ತಿಪ್ಪಯ್ಯ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕಾಯುತ್ತಿದ್ದ. ಆಷಾಢದ ಗಾಳಿಗೆ ಟವೆಲನ್ನು ಬಾಯಿಗೆ ಸುತ್ತಿಕೊಂಡಿದ್ದ. ಇಷ್ಟು ದೂರ ನಡೆದೇ ಬಂದಿದ್ದ.

"ಕರಿಯಣ್ಣ ಹೆಂಗವ್ನೆ?" ಎಂದ.

"ಚೆನ್ನಾಗವ್ರೆ," ಎಂದಳು ಉಚ್ಚಂಗಮ್ಮ. "ನಿನ್ನ ಕೇಳಿದ್ರು."

ತಿಪ್ಪಯ್ಯ ಮಗಳ ಮುಖ ನೋಡಿದ, ಮತ್ತೇನೂ ಕೇಳಲಿಲ್ಲ. ಹೋಗಾಣ ನಡಿ ಎಂದು ಎದ್ದ. ಏರುದಾರಿಯಲ್ಲಿ ಅವನು ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಗುತ್ತಿತ್ತು. ಅವನು ನಿಂತಾಗಲೆಲ್ಲ ಅವಳೂ ಸೆರಗು ಸರಿಮಾಡಿಕೊಳ್ಳುವವಳ ಹಾಗೆ ನಿಂತು, ಅವನ ಉಸಿರು ಕೂಡಿಕೊಂಡ ಮೇಲೆ ಹೆಜ್ಜೆ ಹಾಕುತ್ತಿದ್ದಳು.